ಆರು ಬಟ್ಟಲು, ಐದು ಕಡ್ಡಿ

ಶಾಲಾ ಇಂಟರ್ನ್‌ಶಿಪ್‌ನಲ್ಲಿ ನನ್ನ ಪಾಲಿಗೆ ಬಂದ ಊರು ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿ. ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಪಾಠವನ್ನು ನಾನು ಮಾಡಬೇಕಿತ್ತು. ಭೌತಶಾಸ್ತ್ರ ಓದಿ ಬಂದವಳಾದ್ದರಿಂದ ಈ ಘಟಕ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟಿದ್ದೆ. ಆವೃತ್ತಿ, ಪಾರ, ಸ್ಥಾಯಿ ಎಲ್ಲವೂ ಗೊತ್ತಿದ್ದದ್ದೇ. ಕೊನೆಗೆ ಈ ಪಾಠದಲ್ಲಿಯೇ ನಾನು ಎರಡು ತಪ್ಪು ಮಾಡಿದೆ. ಒಂದು ಕಪ್ಪುಹಲಗೆಯ ಮೇಲೆ ಆದದ್ದು, ಅದನ್ನು ಡಸ್ಟರ್‌ನಿಂದ ಅಳಿಸಬಹುದಾಗಿತ್ತು. ಇನ್ನೊಂದು ಹಾಗೆ ಅಳಿಸಲು ಬರುವಂಥದ್ದಲ್ಲ. ನಮ್ಮ ಸಂಚಿಕೆಯಲ್ಲಿ ಯಶಸ್ವಿ ಪಾಠಗಳ ವರದಿ ಬಹಳ ಬಂದಿವೆ. ಆದ್ದರಿಂದ ಎಡವಿದ ಪಾಠವೊಂದನ್ನು ಬರೆಯುತ್ತಿದ್ದೇನೆ.

ಪಠ್ಯಪುಸ್ತಕದ ಆ ಪಾಠದಲ್ಲಿ ಒಂದು ಚಟುವಟಿಕೆ ಇದೆ. ಆರರಿಂದ ಎಂಟು ಬಟ್ಟಲು ಅಥವಾ ಲೋಟಗಳನ್ನು ಸಾಲಾಗಿಟ್ಟು, ಅವುಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಪೆನ್ಸಿಲ್‌ನಿಂದ ಮೆಲ್ಲಗೆ ಬಡಿಯಬೇಕು. ಅದೇ ಜಲತರಂಗ. ನನ್ನ ಪಾಠಯೋಜನೆಯಲ್ಲಿ ಇದನ್ನು ಚಟುವಟಿಕೆಯ ಜಾಗದಿಂದ ಎತ್ತಿ ಪೀಠಿಕೆಯ ಜಾಗಕ್ಕೆ ತಂದೆ. ಮಕ್ಕಳು ಒಳಗೆ ಬಂದು ಕೂರುತ್ತಲೇ ನಾನೊಬ್ಬಳೇ ಮೇಜಿನ ಮುಂದೆ ನಿಂತು ಒಂದು ರಾಗದ ಆರೋಹಣ ಅವರೋಹಣ ನುಡಿಸಬೇಕು, ತರಗತಿ ತಾನಾಗಿ ಸುಮ್ಮನಾಗಬೇಕು ಎಂಬುದು ನನ್ನ ಆಸೆ. ಪಕ್ಕದಲ್ಲಿ ತೂಗುಹಾಕಲು ಎರಡು ಚಿತ್ರಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಒಂದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳದು (1914–2010), ಇನ್ನೊಂದು ಭಾರತರತ್ನ ಭೀಮಸೇನ ಜೋಶಿಯವರದು (1922–2011). ನಮ್ಮ ಜಿಲ್ಲೆಯ ಮಕ್ಕಳಿಗೆ ಸಂಗೀತದ ಪೂರ್ವಜ್ಞಾನ ಇದ್ದೇ ಇರುತ್ತದೆ ಎಂದು ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ಬರೆದೆ. ಆ ಪೂರ್ವಜ್ಞಾನ ಯಾರ ಮನೆಯಲ್ಲಿ ಯಾವ ರೂಪದಲ್ಲಿದೆ ಎಂದು ಮಾತ್ರ ವಿಚಾರಿಸಲಿಲ್ಲ.

ಗಜೇಂದ್ರಗಡದ ಪೇಟೆಯಲ್ಲಿ ಬೇರೆ ಬೇರೆ ಅಳತೆಯ ಆರು ಪಿಂಗಾಣಿ ಬಟ್ಟಲು ಕೊಂಡೆ. ಆರೇ ಏಕೆಂದರೆ ಭೂಪ್ ರಾಗಕ್ಕೆ ಐದೇ ಸ್ವರ. ಸ, ರಿ, ಗ, ಪ, ಧ, ಮತ್ತೆ ಮೇಲಿನ ಸ ಸೇರಿದರೆ ಆರು. ಎಡಕ್ಕೆ ದೊಡ್ಡದು, ಬಲಕ್ಕೆ ಸಣ್ಣದು. ನೀರು ಹಾಕಿದಷ್ಟೂ ಬಟ್ಟಲಿನ ಸ್ವರ ಇಳಿಯುತ್ತದೆ. ಬಡಿದಾಗ ಕಂಪಿಸುವುದು ಬಟ್ಟಲಿನ ಗೋಡೆ, ನೀರು ಆ ಗೋಡೆಗೆ ಭಾರವಾಗಿ ಅದರ ಕಂಪನವನ್ನು ನಿಧಾನ ಮಾಡುತ್ತದೆ. ಆದ್ದರಿಂದ ಬೇಕಾದ ಸ್ವರಕ್ಕಿಂತ ತುಸು ಮೇಲಿರುವ ಬಟ್ಟಲನ್ನೇ ಆರಿಸಿ, ಚಮಚೆ ಚಮಚೆಯಾಗಿ ನೀರು ಸುರಿದು ಕೆಳಕ್ಕೆ ಇಳಿಸಬೇಕು. ಮೊಬೈಲಿನಲ್ಲಿ ಆವೃತ್ತಿ ತೋರಿಸುವ ಆ್ಯಪ್ ಇಟ್ಟುಕೊಂಡು ಎರಡು ರಾತ್ರಿ ಕುಳಿತು ಸ್ವರ ಕೂಡಿಸಿದೆ. ಬಟ್ಟಲು, ನೀರು, ರಾಗ ಎಲ್ಲದರ ಬಗ್ಗೆ ಯೋಚಿಸಿದ್ದೆ. ಬಡಿಯುವ ಕಡ್ಡಿಯ ಬಗ್ಗೆ ಯೋಚಿಸಲಿಲ್ಲ. ಪುಸ್ತಕದಲ್ಲಿ ಪೆನ್ಸಿಲ್ ಎಂದಿತ್ತು, ಪೆನ್ಸಿಲ್ ಒಯ್ದೆ.

ಮನೆಯ ಕೋಣೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಪೆನ್ಸಿಲ್ ಮೂವತ್ತೆಂಟು ಮಕ್ಕಳ ತರಗತಿಯಲ್ಲಿ ಸತ್ತುಹೋಯಿತು. ಮೂರನೇ ಸಾಲಿನ ಆಚೆಗೆ ಏನೂ ಕೇಳಲಿಲ್ಲ. ‘ಅಕ್ಕೋರ, ಜೋರ್ ಬಾರಸ್ರೀ’ ಎಂದು ಹಿಂದಿನಿಂದ ಕೂಗು ಬಂತು. ಗಾಬರಿಯಲ್ಲಿ ನೀರು ಅಳೆಯಲು ತಂದಿದ್ದ ಸ್ಟೀಲ್ ಚಮಚೆಯನ್ನೇ ಕೈಗೆತ್ತಿಕೊಂಡು ಬಡಿದೆ. ಈಗ ಕಡೆಯ ಸಾಲಿನವರೆಗೂ ಕೇಳಿತು, ಆದರೆ ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದಿನಂತೆ ಕೇಳಿತು. ಮಕ್ಕಳು ನಕ್ಕರು, ನಾನೂ ನಕ್ಕೆ.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಅಕ್ಕೋರ, ಚಮಚೇಲೆ ಬಡದ್ರ ಸ್ವರ ಏರತೈತ್ರಿ’ ಎಂದಳು. ಒಳ್ಳೆಯ ವೀಕ್ಷಣೆ ಎಂದು ಹೊಗಳಿದೆ. ಅಷ್ಟಕ್ಕೇ ನಿಲ್ಲದೆ, ‘ಹೌದು, ಗಟ್ಟಿ ವಸ್ತುವಿನಿಂದ ಬಡಿದರೆ ಸ್ಥಾಯಿ ಹೆಚ್ಚಾಗುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆದೇಬಿಟ್ಟೆ. ಆ ಕ್ಷಣಕ್ಕೆ ನನ್ನ ಕಿವಿಗೂ ಹಾಗೆಯೇ ಕೇಳಿಸಿತ್ತು. ಮೂರು ವರ್ಷ ಭೌತಶಾಸ್ತ್ರ ಓದಿದವಳು ಕಿವಿಗೆ ಕೇಳಿದ್ದನ್ನು ಒಮ್ಮೆಯಾದರೂ ಪರೀಕ್ಷಿಸಬೇಕಿತ್ತು.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಹೆಚ್ಚು ಮಾತಾಡುವವನಲ್ಲ. ‘ಇಲ್ರಿ ಅಕ್ಕೋರ. ಸ್ವರ ಅದs ಐತ್ರಿ. ಮಾರಿ ಅಷ್ಟ ಬ್ಯಾರೆ’ ಎಂದ. ಮಾರಿ ಎಂದರೆ ಮುಖ. ಸ್ವರ ಅದೇ, ಮುಖ ಮಾತ್ರ ಬೇರೆ. ಇಂದು ಯೋಚಿಸಿದರೆ ನಾದಗುಣ ಎಂಬ ಪದಕ್ಕೆ ಇಷ್ಟು ಸರಿಯಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅಂದು ನಾನು ಹೇಳಿದ್ದು, ‘ಕುಂದ್ರಪ್ಪಾ, ಆಮೇಲೆ ನೋಡೋಣ.’

ಅಂದು ರಾತ್ರಿ ಆ್ಯಪ್ ಹಚ್ಚಿ ನೋಡಿದೆ. ‘ಗ’ ಬಟ್ಟಲನ್ನು ಪೆನ್ಸಿಲ್‌ನಿಂದ ಬಡಿದಾಗ ಬಂದ ಸಂಖ್ಯೆಯನ್ನು ಬರೆದುಕೊಂಡೆ. ಚಮಚೆಯಿಂದ ಬಡಿದೆ. ಏಟು ಬಿದ್ದ ಕ್ಷಣಕ್ಕೆ ಸಂಖ್ಯೆ ಮೇಲಕ್ಕೆ ಜಿಗಿಯಿತು, ನಾದ ಉಳಿಯುತ್ತ ಹೋದಂತೆ ಇಳಿದು ಪೆನ್ಸಿಲ್‌ನ ಸಂಖ್ಯೆಯಲ್ಲೇ ಬಂದು ನಿಂತಿತು. ನಾಲ್ಕು ಸಲ ಮಾಡಿದರೂ ಅದೇ. ಹುಡುಗ ಹೇಳಿದ್ದೇ ಸರಿ.

ಕಾರಣ ಕಷ್ಟದ್ದೇನಲ್ಲ. ಒಂದು ಬಟ್ಟಲು ಒಂದೇ ಆವೃತ್ತಿಯಲ್ಲಿ ಕಂಪಿಸುವುದಿಲ್ಲ. ಮೂಲ ಆವೃತ್ತಿಯ ಜೊತೆಗೆ ಅದಕ್ಕಿಂತ ಮೇಲಿನ ಹಲವು ಆವೃತ್ತಿಗಳಲ್ಲೂ ಕಂಪಿಸುತ್ತದೆ. ಯಾವುದು ಎಷ್ಟು ಏಳಬೇಕು ಎನ್ನುವುದನ್ನು ಕಡ್ಡಿಯ ತುದಿ ಬಟ್ಟಲನ್ನು ಎಷ್ಟು ಹೊತ್ತು ಮುಟ್ಟಿಕೊಂಡಿರುತ್ತದೆ ಎಂಬುದು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಸೆಕೆಂಡಿಗೆ 500 ಸಲ ಕಂಪಿಸುವ ಬಟ್ಟಲಿಗೆ ಒಂದು ಕಂಪನಕ್ಕೆ ಬೇಕಾದ ಸಮಯ ಸೆಕೆಂಡಿನ 500ರಲ್ಲಿ ಒಂದು ಪಾಲು, ಅಂದರೆ 2 ಮಿಲಿಸೆಕೆಂಡ್. 2000 ಸಲ ಕಂಪಿಸುವ ಮೇಲಿನ ಸ್ವರಕ್ಕೆ ಅರ್ಧ ಮಿಲಿಸೆಕೆಂಡ್ ಸಾಕು. ಉಕ್ಕಿನ ಚಮಚೆ ಗಟ್ಟಿ, ಮುಟ್ಟಿದ್ದೇ ತಡ ಹಾರಿಬಿಡುತ್ತದೆ. ಆದ್ದರಿಂದ ಮೇಲಿನ ಆವೃತ್ತಿಗಳೂ ಎಚ್ಚರಗೊಂಡು ‘ಟಿಣ್’ ಎನ್ನುತ್ತವೆ. ಮೆತ್ತನೆಯ ತುದಿ ಚಪ್ಪಟೆಯಾಗಿ ಮತ್ತೆ ಮೇಲೇಳುವಷ್ಟರಲ್ಲಿ ಆ ವೇಗದ ಕಂಪನಗಳನ್ನು ತಾನೇ ಒತ್ತಿ ಅಡಗಿಸಿರುತ್ತದೆ. ಉಳಿಯುವುದು ಕೆಳಗಿನ ಮೂಲಸ್ವರ. ಮೂಲ ಆವೃತ್ತಿಯನ್ನು ನಿರ್ಧರಿಸುವುದು ಬಟ್ಟಲು ಮತ್ತು ನೀರು. ಕಡ್ಡಿ ನಿರ್ಧರಿಸುವುದು ಅದರ ಮಾರಿ.

ಇಲ್ಲಿಗೆ ನಿಂತಿದ್ದರೆ ಇದು ಒಂದು ತಪ್ಪು ಪರಿಕಲ್ಪನೆ ಮತ್ತು ಅದರ ತಿದ್ದುಪಡಿಯ ಕಥೆಯಾಗುತ್ತಿತ್ತು. ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗನನ್ನು ಕರೆದು, ‘ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪ ಹಲಗಿ ಬಾರಸ್ತಾನ್ರಿ. ಎಡಗೈಯಾಗ ಒಂದು ಕಡ್ಡಿ, ಬಲಗೈಯಾಗ ಒಂದು. ಹಲಗಿ ಒಂದs, ಸಪ್ಪಳ ಎರಡ್ರಿ’ ಎಂದ. ನನಗೆ ಮೈ ಜುಂ ಎಂದಿತು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುವಂತೆ ಶಾಲೆಯ ಹೊರಗಿನ ಬದುಕಿನೊಂದಿಗೆ ಜ್ಞಾನವನ್ನು ಜೋಡಿಸುವ ಅವಕಾಶ ಕಾಲಿಗೆ ತೊಡರಿಕೊಂಡೇ ಬಂದಿದೆ ಅನ್ನಿಸಿತು. ಮಧ್ಯಾಹ್ನದ ಅವಧಿಯಲ್ಲಿ ಹಿಂದೆ ಮುಂದೆ ನೋಡದೆ ತರಗತಿಯ ನಡುವೆ ನಿಂತು ಹೇಳಿದೆ, ‘ಇವನ ಅಪ್ಪ ಹಲಗಿ ಬಾರಿಸುತ್ತಾರಂತೆ. ನಾಳೆ ಇವನು ಮನೆಯಿಂದ ಹಲಗಿ, ಕಡ್ಡಿ ತಂದು ನಮ್ಮೆಲ್ಲರ ಮುಂದೆ ಬಾರಿಸಿ ತೋರಿಸುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟಿ.’

ಚಪ್ಪಾಳೆ ಬಂತು. ಅದರ ನಡುವೆ ಒಂದು ಕಿಸಕ್ ಎಂಬ ನಗುವೂ ಬಂತು, ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಹುಡುಗ ಡೆಸ್ಕಿನ ಮೇಲೆ ಬೆರಳಿನಿಂದ ಏನನ್ನೋ ಉಜ್ಜುತ್ತ ತಲೆ ತಗ್ಗಿಸಿದ. ನಾಚಿಕೊಂಡಿದ್ದಾನೆ ಎಂದುಕೊಂಡೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎರಡನೇ ಗೈರು ಗುರುತು ಹಾಕುವಾಗ ನನ್ನ ಮಾರ್ಗದರ್ಶಕ ಶಿಕ್ಷಕರು ಪಕ್ಕದಲ್ಲಿದ್ದರು. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ‘ಹೋಳಿ ಹುಣ್ಣಿಮಿಗೆ ಹಲಗಿ ಯಾರ್ಯಾರ ಕೈಯಾಗ ಇರತೈತಿ ನೋಡೀರಿ?’ ಎಂದು ಕೇಳಿದರು. ನೋಡಿದ್ದೆ. ನಮ್ಮ ಕಡೆ ಹೋಳಿ ಬಂತೆಂದರೆ ಎಲ್ಲಾ ಓಣಿಯ ಹುಡುಗರ ಕೈಯಲ್ಲೂ ಹಲಗಿಯೇ. ನನ್ನ ಅಣ್ಣನೂ ಬಾರಿಸಿದವನೇ. ‘ಹೋಳಿ ಮುಗದ ಮರುದಿನ ಅದು ಯಾರ ಕೈಯಾಗ ಉಳೀತೈತಿ, ಅದನ್ನೂ ನೋಡ್ರಿ’ ಎಂದರು. ಅಷ್ಟೇ. ಹಬ್ಬದ ದಿನ ಎಲ್ಲರದೂ ಆಗುವ ವಾದ್ಯ ಉಳಿದ ದಿನಗಳಲ್ಲಿ ಒಂದೇ ಓಣಿಯದು. ಹೆಣದ ಮುಂದೆ, ದೇವರ ಮೆರವಣಿಗೆಯ ಮುಂದೆ, ಯಾರೋ ಕರೆದಾಗ ಹೋಗಿ, ಅಂಗಳದ ಹೊರಗೆ ನಿಂತು ಬಾರಿಸುವ ವಾದ್ಯ. ನಾನು ಅವನ ಜ್ಞಾನವನ್ನು ಗೌರವಿಸುತ್ತಿದ್ದೇನೆ ಎಂದುಕೊಂಡು, ಅವನು ಶಾಲೆಯ ಸಮವಸ್ತ್ರದೊಳಗೆ ಹೇಗೋ ಮರೆಸಿಕೊಂಡಿದ್ದ ಓಣಿಯ ಹೆಸರನ್ನು ಮೂವತ್ತೇಳು ಜನರ ಮುಂದೆ ಕೂಗಿ ಹೇಳಿದ್ದೆ. ಅವನನ್ನು ಕೇಳಿರಲಿಲ್ಲ, ಅಪ್ಪಣೆ ಮಾಡಿದ್ದೆ.

ಗವಾಯಿಗಳ, ಜೋಶಿಯವರ ಚಿತ್ರ ತೂಗುಹಾಕಿದ್ದ ನನ್ನ ಪಾಠದಲ್ಲಿ ಹಲಗಿಯವರ ಚಿತ್ರ ಇರಲಿಲ್ಲ ಎಂಬುದೂ ಆಗ ಹೊಳೆಯಿತು. ಅದನ್ನು ಸಂಗೀತವೆಂದು ಎಣಿಸಿದ್ದೇನೆ ಎಂದು ನಾನು ಯಾವ ರೀತಿಯಲ್ಲೂ ತೋರಿಸಿರಲಿಲ್ಲ. ಪ್ರದರ್ಶನಕ್ಕಿಡುವ ವಸ್ತುವಿನಂತೆ ನಾಳೆ ತಂದು ಬಾರಿಸು ಎಂದಿದ್ದೆ.

ಸಂಜೆ ಅವನ ಮನೆಗೆ ಹೋದೆ. ‘ಮನಿಗೆ ಹೋದ್ರ ಮೊದಲ ಕೇಳ್ರಿ, ಹೇಳಬ್ಯಾಡ್ರಿ’ ಎಂದು ಮಾರ್ಗದರ್ಶಕರು ಎಚ್ಚರಿಸಿ ಕಳಿಸಿದ್ದರು. ಹುಡುಗನ ತಂದೆ ಕೂಲಿ ಮುಗಿಸಿ ಆಗಷ್ಟೇ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ‘ಬರ್ರಿ ಅಕ್ಕೋರ’ ಎಂದು ಒಳಗಿನಿಂದ ಚಾಪೆ ತರಿಸಿದರು. ನಾನು ಮಾಡಿದ್ದು ತಪ್ಪಾಯಿತು, ಅವನನ್ನು ಕೇಳದೆ ಎಲ್ಲರ ಮುಂದೆ ಹೇಳಬಾರದಿತ್ತು ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

‘ಅಂವಗ ಕಲಿಸಿಲ್ರಿ ನಾ. ಕಲಿಸೂದೂ ಇಲ್ಲ. ನೋಡ್ತ ನೋಡ್ತ ಅವನs ಕಲತಾನ’ ಎಂದರು ಕೊನೆಗೆ. ‘ಬಾರಿಸೂದು ನನಗ ಸಾಕ್ರಿ. ಅಂವಾ ಸಾಲಿ ಕಲೀಲಿ ಅಂತ ಕಳಸೀನಿ. ಸಾಲ್ಯಾಗೂ ಹಲಗೀನ ಬಾರಿಸು ಅಂದ್ರ ಹೆಂಗ್ರೀ?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗುವಿನ ಮನೆಯ ಅನುಭವವನ್ನು ತರಗತಿಗೆ ತನ್ನಿ ಎಂದು ನಮಗೆ ಕಲಿಸುತ್ತಾರೆ. ಆ ಅನುಭವದಿಂದ ಮಗುವನ್ನು ಪಾರುಮಾಡಲೆಂದೇ ತಂದೆಯೊಬ್ಬರು ಶಾಲೆಗೆ ಕಳಿಸಿದ್ದರೆ ಏನು ಮಾಡಬೇಕು ಎಂದು ನಾನು ಯೋಚಿಸಿರಲಿಲ್ಲ.

ಏಳುವ ಮುನ್ನ, ನಾನು ನುಡಿಸುವ ಬಟ್ಟಲುಗಳ ಫಜೀತಿ ಹೇಳಿ, ಯಾವ ಕಡ್ಡಿ ಹಿಡಿಯಬೇಕೋ ತಿಳಿಯುತ್ತಿಲ್ಲ ಎಂದೆ. ಈಗ ನಿಜವಾಗಿಯೂ ಕೇಳಿದ್ದೆ, ಪಾಠಕ್ಕಾಗಿ ಅಲ್ಲ, ಗೊತ್ತಿಲ್ಲದ್ದರಿಂದ. ಅವರ ಮುಖ ಸ್ವಲ್ಪ ಸಡಿಲವಾಯಿತು. ಹಲಗಿಗೆ ಒಂದು ಕೈಯಲ್ಲಿ ಗಿಡ್ಡಗಿನ ದಪ್ಪ ಕಡ್ಡಿ, ಇನ್ನೊಂದರಲ್ಲಿ ಬಿದಿರಿನ ಉದ್ದನೆಯ ತೆಳ್ಳನೆ ಸೀಳು ಎಂದು ಕೈಯಲ್ಲೇ ಅಳತೆ ತೋರಿಸಿದರು. ದಪ್ಪದ್ದು ನಡುವೆ ಬಿದ್ದು ‘ಧಂ’ ಎನ್ನಬೇಕು, ತೆಳ್ಳನೆಯದು ಅಂಚಿನಲ್ಲಿ ಚಟಚಟ ಎನ್ನಬೇಕು. ಎರಡೂ ಒಂದೇ ನಮೂನೆಯವಾದರೆ ಒಂದು ಕೈ ಸುಮ್ಮನೆ ಹೋದಂತೆ. ತೊಗಲಿಗೆ ಬೆಂಕಿಯ ಕಾವು ತಾಗಿಸಿ ಬಿಗಿ ಮಾಡಿದ ಮೇಲೆ ಅದೇ ಕಡ್ಡಿ ಬೇರೆಯಾಗಿ ಮಾತಾಡುತ್ತದೆ. ಕಡೆಗೆ ಹೇಳಿದ್ದು, ‘ಕಡ್ಡಿ ಒತ್ತಬಾರದ್ರಿ ಅಕ್ಕೋರ. ಬಿದ್ದಿದ್ದು ತಾನs ಎದ್ದು ಬರಬೇಕು. ಅದನ್ನ ಏಳಾಕ ಬಿಡಬೇಕು.’ ನಾನು ಮಿಲಿಸೆಕೆಂಡಿನಲ್ಲಿ ಲೆಕ್ಕ ಹಾಕಿದ್ದನ್ನು ಅವರು ಮಣಿಕಟ್ಟಿನಲ್ಲಿ ಬಲ್ಲವರಾಗಿದ್ದರು. ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ. ನಾಳೆ ಬಾ ಎಂದು ನಾನು ಹೇಳಲಿಲ್ಲ.

ಆ ವಾರದ ಕೊನೆಯವರೆಗೆ ನಾನು ಕಡ್ಡಿಗಳನ್ನೇ ಹಿಡಿದು ಕುಳಿತೆ. ಐದು ಸಿದ್ಧವಾದವು. ಪೆನ್ಸಿಲ್, ಸ್ಟೀಲ್ ಚಮಚೆ, ಬಿದಿರಿನ ಬರಿ ಸೀಳು, ಕಟ್ಟಿಗೆ ಸೌಟಿನ ಹಿಡಿ, ಮತ್ತು ಬಿದಿರಿನ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅದರ ಮೇಲೆ ಉಲ್ಲನ್ ದಾರ ಸುತ್ತಿದ ಒಂದು. ಈ ಐದನೆಯದರ ಉಪಾಯ ಬಂದದ್ದು ಮರಿಂಬಾ ವಾದ್ಯದಿಂದ. ಆಫ್ರಿಕದಲ್ಲಿ ಬೇರುಬಿಟ್ಟು ಮಧ್ಯ ಅಮೆರಿಕದಲ್ಲಿ ಬೆಳೆದ ವಾದ್ಯ ಅದು, ಗ್ವಾಟೆಮಾಲಾದ ರಾಷ್ಟ್ರೀಯ ವಾದ್ಯ. ಬೀಟೆಯಂಥ ಗಟ್ಟಿ ಮರದ ಪಟ್ಟಿಗಳ ಸಾಲು, ಪ್ರತಿ ಪಟ್ಟಿಯ ಕೆಳಗೆ ನಾದ ತುಂಬುವ ಕೊಳವೆ. ನಮ್ಮ ಕಾಷ್ಠತರಂಗ ಇದರ ದೂರದ ನೆಂಟ. ಜಪಾನಿನ ಕೈಕೊ ಅಬೆ (ಜನನ 1937) ಅದನ್ನು ಒಬ್ಬರೇ ವೇದಿಕೆಯಲ್ಲಿ ನುಡಿಸುವ ವಾದ್ಯವಾಗಿ ಬೆಳೆಸಿದವರಲ್ಲಿ ಪ್ರಮುಖರು. ಅದನ್ನು ಒಂಟಿಯಾಗಿ ನುಡಿಸುವವರು ಒಂದೊಂದು ಕೈಯಲ್ಲಿ ಎರಡೆರಡು, ಒಟ್ಟು ನಾಲ್ಕು ಕೋಲು ಹಿಡಿಯುವುದುಂಟು. ಕೋಲಿನ ತಲೆ ರಬ್ಬರಿನ ಗುಂಡು, ಮೇಲೆ ನೂಲಿನ ಸುತ್ತು. ಸುತ್ತು ಸಡಿಲವಾದರೆ ಮೆತ್ತಗೆ, ಬಿಗಿಯಾದರೆ ಗಟ್ಟಿ. ಕೆಳಸ್ವರದ ಅಗಲ ಪಟ್ಟಿಗಳಿಗೆ ಮೆತ್ತನೆಯದು ಬೇಕು, ಗಟ್ಟಿ ಕೋಲಿನಿಂದ ಜೋರಾಗಿ ಬಡಿದರೆ ಪಟ್ಟಿಯೇ ಹಾಳಾಗಬಹುದು. ಮೇಲುಸ್ವರದ ಸಣ್ಣ ಪಟ್ಟಿಗಳು ಮೆತ್ತನೆಯದಕ್ಕೆ ಓಗೊಡುವುದಿಲ್ಲ. ಆದ್ದರಿಂದ ಎಷ್ಟೋ ಜನ ಎಡದಿಂದ ಬಲಕ್ಕೆ ಒಂದಕ್ಕಿಂತ ಒಂದು ಗಟ್ಟಿಯಾದ ನಾಲ್ಕನ್ನು ಜೋಡಿಸಿ ಹಿಡಿಯುತ್ತಾರೆ.

ನನ್ನ ಬಟ್ಟಲುಗಳಲ್ಲಿಯೂ ಅದೇ ಆಯಿತು. ಉಲ್ಲನ್ ಸುತ್ತಿದ ಕಡ್ಡಿ ದೊಡ್ಡ ‘ಸ’ ಮತ್ತು ‘ರಿ’ ಬಟ್ಟಲುಗಳಿಂದ ಗುಡಿಯ ಗಂಟೆಯ ಕೊನೆಯ ನಾದದಂಥ ತುಂಬು ದನಿ ತೆಗೆಯಿತು. ಅದೇ ಕಡ್ಡಿಗೆ ಸಣ್ಣ ಬಟ್ಟಲು ‘ತಪ್’ ಎಂದು ಸುಮ್ಮನಾಯಿತು. ಬರಿ ಬಿದಿರು ಸಣ್ಣ ಬಟ್ಟಲುಗಳಲ್ಲಿ ಸ್ಪಷ್ಟ, ದೊಡ್ಡದರಲ್ಲಿ ಬರಿದೇ ಕಟಕಟ. ಸೌಟಿನ ಹಿಡಿ ಎಲ್ಲದರಲ್ಲೂ ಸಾಧಾರಣ, ಜೊತೆಗೆ ಭಾರ. ಅದರಿಂದ ತುಸು ಜೋರಾಗಿ ಬಡಿದಾಗ ‘ಧ’ ಬಟ್ಟಲು ಸೀಳಿಯೇ ಹೋಯಿತು, ಮತ್ತೆ ಪೇಟೆಗೆ ಹೋಗಿ ಇನ್ನೊಂದು ತಂದು ಹೊಸದಾಗಿ ಸ್ವರ ಕೂಡಿಸಬೇಕಾಯಿತು. ‘ಅತ್ಯುತ್ತಮ ಕಡ್ಡಿ ಯಾವುದು’ ಎಂಬ ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಯಾವ ಬಟ್ಟಲಿಗೆ, ಎಷ್ಟು ದೊಡ್ಡ ಕೋಣೆಯಲ್ಲಿ, ಯಾರು ಕೇಳಲೆಂದು ಎಂಬುದನ್ನು ಬಿಟ್ಟು ಕಡ್ಡಿಯನ್ನು ಆರಿಸಲು ಬರುವುದಿಲ್ಲ. ಕೊನೆಗೆ ಎಡಗೈಗೆ ಉಲ್ಲನ್ ಸುತ್ತಿದ್ದು, ಬಲಗೈಗೆ ಬರಿ ಬಿದಿರು. ಎರಡು ಕೈಗೆ ಎರಡು ನಮೂನೆ. ಮರಿಂಬಾದವರ ದಾರಿ ಎಂದು ಟಿಪ್ಪಣಿಯಲ್ಲಿ ಬರೆಯಹೊರಟವಳು ನಿಂತೆ. ಹಲಗಿಯ ದಾರಿಯೂ ಅದೇ, ಅದನ್ನು ನನಗೆ ಮೊದಲು ಹೇಳಿದ್ದು ಹಲಗಿಯವರೇ.

ಸೋಮವಾರ ಹುಡುಗ ಬಂದ. ನಾನು ಹೋಗಿದ್ದಕ್ಕೋ, ಅಪ್ಪ ಹೇಳಿದ್ದಕ್ಕೋ, ಗೆಳೆಯರು ಕರೆದದ್ದಕ್ಕೋ ಗೊತ್ತಿಲ್ಲ. ನಾನು ಏನೂ ಕೇಳಲಿಲ್ಲ.

ಅಂದಿನ ಅವಧಿಯನ್ನು ಕಪ್ಪುಹಲಗೆಯಿಂದಲೇ ಶುರುಮಾಡಿದೆ. ‘ಗಟ್ಟಿ ವಸ್ತುವಿನಿಂದ ಬಡಿದರೆ ಸ್ಥಾಯಿ ಹೆಚ್ಚಾಗುತ್ತದೆ’ ಎಂದು ಮತ್ತೆ ಬರೆದು, ‘ಇದನ್ನು ಬರೆದವಳು ನಾನು. ಸರಿಯೋ ತಪ್ಪೋ ಇಂದು ನೀವೇ ಹೇಳಬೇಕು’ ಎಂದೆ. ಮಕ್ಕಳೆಲ್ಲ ಬೆನ್ನು ತಿರುಗಿಸಿ ಕುಳಿತರು. ಒಬ್ಬೊಬ್ಬರಾಗಿ ಬಂದು ಒಂದೇ ಬಟ್ಟಲನ್ನು ಬೇರೆ ಬೇರೆ ಕಡ್ಡಿಯಿಂದ ಬಡಿಯುವುದು, ಉಳಿದವರು ‘ಸ್ವರ ಒಂದೇ’ ಅನ್ನಿಸಿದರೆ ಕೈ ಎತ್ತುವುದು. ಮೊದಲ ಸುತ್ತಿನಲ್ಲಿ ಚಮಚೆಗೆ ಕೆಲವೇ ಕೈಗಳು ಎದ್ದವು. ‘ಏಟಿನ ಸಪ್ಪಳ ಬಿಡಿ, ಅದರ ಹಿಂದೆ ಉಳಿಯುವ ನಾದ ಕೇಳಿ’ ಎಂದ ಮೇಲೆ ಎರಡನೇ ಸುತ್ತಿನಲ್ಲಿ ಹೆಚ್ಚಿನವರು ಎತ್ತಿದರು. ಆಮೇಲೆ ಆ್ಯಪ್‌ನಲ್ಲಿ ಸಂಖ್ಯೆ ಜಿಗಿದು ಇಳಿದು ನಿಲ್ಲುವುದನ್ನು ಗುಂಪು ಗುಂಪಾಗಿ ಬಂದು ನೋಡಿದರು. ನೀರು ಹೆಚ್ಚಿಸಿದಾಗ ಮಾತ್ರ ಸಂಖ್ಯೆ ಇಳಿದು ಅಲ್ಲಿಯೇ ಉಳಿಯಿತು. ‘ಸ್ವರ ಏರತೈತಿ’ ಎಂದಿದ್ದ ಹುಡುಗಿಯೇ ಎದ್ದು ಬಂದು ನನ್ನ ವಾಕ್ಯವನ್ನು ಅಳಿಸಿದಳು. ಅದರ ಜಾಗದಲ್ಲಿ ಏನು ಬರೆಯೋಣ ಎಂದು ಕೇಳಿದೆ. ಯಾರೋ ‘ಸ್ವರ ಅದs, ಮಾರಿ ಬ್ಯಾರೆ’ ಎಂದರು, ಅದನ್ನೇ ಬರೆಸಿದೆ, ಕೆಳಗೆ ‘ನಾದಗುಣ’ ಎಂಬ ಪದವನ್ನು ಸೇರಿಸಿದೆ. ಆ ಮಾತು ಮೊದಲು ಯಾರದು ಎಂದು ನಾನು ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಅವನು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಹೇಳಬೇಕಿತ್ತೇ, ಹೇಳದ್ದು ಸರಿಯೇ ಎಂದು ಇಂದಿಗೂ ನನಗೆ ಅನುಮಾನವಿದೆ. ಒಮ್ಮೆ ಕೇಳದೆ ಹೆಸರಿಸಿದವಳಿಗೆ ಎರಡನೇ ಸಲ ಧೈರ್ಯ ಬರಲಿಲ್ಲ.

ವಿಮರ್ಶಾ ಪಾಠಕ್ಕೆ ಕಾಲೇಜಿನಿಂದ ಮೇಲ್ವಿಚಾರಕರು ಬರುವ ದಿನ ನಾನು ಬೇಗನೆ ಹೋಗಿ ಬಟ್ಟಲು ಜೋಡಿಸುತ್ತಿದ್ದೆ. ಹುಡುಗ ಬಾಗಿಲಲ್ಲಿ ಬಂದು ನಿಂತ, ಆಮೇಲೆ ಮೇಜಿನ ಹತ್ತಿರ ಬಂದ. ‘ನೋಡ್ಲೇನ್ರೀ?’ ಎಂದು ಕೇಳಿ ಉಲ್ಲನ್ ಸುತ್ತಿದ ಕಡ್ಡಿಯನ್ನು ಕೈಯಲ್ಲಿ ತೂಗಿ, ‘ರಿ’ ಬಟ್ಟಲಿಗೆ ಒಂದು ಏಟು ಹಾಕಿ ಕೇಳಿಸಿಕೊಂಡ. ದಾರದ ತುದಿ ಬಿಚ್ಚಿ, ಸುತ್ತುಗಳನ್ನು ಒಂದೊಂದಾಗಿ ಬಿಡಿಸುತ್ತ, ನಡುನಡುವೆ ಬಡಿದು ನೋಡುತ್ತ, ಒಂದು ಕಡೆ ನಿಲ್ಲಿಸಿ ಹಲ್ಲಿನಿಂದ ಕಡಿದು ಗಂಟು ಹಾಕಿದ. ‘ನಾಕ್ ಸುತ್ತು ಹೆಚ್ಚಾಗಿತ್ತರಿ’ ಎಂದು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋದ.

ಅಂದು ಭೂಪ್ ರಾಗದ ಆರೋಹಣ ಅವರೋಹಣ, ಎರಡು ಅಲಂಕಾರ ನುಡಿಸಿದೆ. ಅವರೋಹಣದಲ್ಲಿ ಒಮ್ಮೆ ಗಾಬರಿಯಾಗಿ ಕಡ್ಡಿ ಒತ್ತಿದೆ, ‘ಗ’ ಮಂಕಾಯಿತು. ಆಮೇಲೆ ಎಚ್ಚರವಾಗಿ ಕಡ್ಡಿಯನ್ನು ಏಳಲು ಬಿಟ್ಟೆ. ಕಡೆಯ ಸಾಲಿನವರೆಗೂ ಕೇಳಿತು. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಆಯ್ಕೆ ಸೂಕ್ತವಾಗಿದೆ’ ಎಂದು ಬರೆದರು. ಆ ವಾಕ್ಯದ ಪಕ್ಕದಲ್ಲಿ ಸಹಿ ಮಾಡುವಾಗ, ಆಯ್ಕೆ ನನ್ನೊಬ್ಬಳದಲ್ಲ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗ ಇರಲಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ.

ಈ ಪಾಠ ಮಾಡಲಿರುವ ನನ್ನ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಸ್ಟೀಲ್ ಲೋಟಕ್ಕಿಂತ ಪಿಂಗಾಣಿ ಬಟ್ಟಲು ಒಳ್ಳೆಯದು, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಬಟ್ಟಲುಗಳ ಕೆಳಗೆ ದಪ್ಪ ಬಟ್ಟೆ ಹಾಸಿ, ಇಲ್ಲದಿದ್ದರೆ ಮೇಜೂ ಸದ್ದು ಮಾಡುತ್ತದೆ. ನೀರು ಹೆಚ್ಚಾದರೆ ಸ್ಥಾಯಿ ಇಳಿಯುತ್ತದೆ, ಆದರೆ ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಇದು ತಿರುವುಮುರುವು. ಅಲ್ಲಿ ಕಂಪಿಸುವುದು ಒಳಗಿನ ಗಾಳಿ, ನೀರು ಹೆಚ್ಚಿದಷ್ಟೂ ಗಾಳಿಯ ಜಾಗ ಕಿರಿದಾಗಿ ಸ್ಥಾಯಿ ಏರುತ್ತದೆ. ಎರಡನ್ನೂ ಒಂದೇ ಅವಧಿಯಲ್ಲಿ ತೋರಿಸಿದರೆ ಮಕ್ಕಳು ಬಾಯಿಪಾಠ ಬಿಟ್ಟು ಯೋಚಿಸುತ್ತಾರೆ. ಕಡ್ಡಿಯನ್ನು ತರಗತಿಯಲ್ಲೇ, ಕಡೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಮೊದಲೇ ಪರೀಕ್ಷಿಸಿ.

‘ಪೂರ್ವಜ್ಞಾನ’ ಅಂಕಣವನ್ನು ಈಗ ನಾನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಯಾವ ಮಗುವಿಗೆ ಏನು ಗೊತ್ತು ಎಂಬುದು ಮೊದಲ ವಾರ ತಿಳಿಯುವುದಿಲ್ಲ. ತಿಳಿದ ಮೇಲೂ ಅದನ್ನು ಎಲ್ಲರ ಮುಂದೆ ಇಡಬೇಕೋ ಬೇಡವೋ ಎಂಬುದನ್ನು ಆ ಮಗುವನ್ನೇ, ಒಬ್ಬರೇ ಇರುವಾಗ, ‘ಬೇಡ’ ಎನ್ನಲು ಸಲೀಸಾಗುವಂತೆ ಕೇಳಬೇಕು. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೆ ಹಲಗಿ ಆ ಶಾಲೆಯ ಬಾಗಿಲಿಗೆ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಬಟ್ಟಲುಗಳನ್ನು ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಬಿಟ್ಟು ಬಂದೆ, ಐದೂ ಕಡ್ಡಿಗಳ ಜೊತೆಗೆ. ಉಲ್ಲನ್ ಕಡ್ಡಿಯ ಗಂಟು ಅವನು ಹಾಕಿದ್ದು, ಹಾಗೆಯೇ ಇದೆ.